ಅಪಾಸ್ಟ್ರಫಿ ಎಸ್ ಅಕ್ಷರಕ್ಕಿಂತ ಮೊದಲೋ, ಅನಂತರವೋ?

ಇಂಗ್ಲಿಷಿನಲ್ಲಿ ಒಡೆತನವನ್ನು ಸೂಚಿಸುವಾಗ ಅಪಾಸ್ಟ್ರಫಿಯನ್ನು, ಅಂದರೆ (’) ಚಿಹ್ನೆಯನ್ನು, ಎಸ್ ಅಕ್ಷರಕ್ಕಿಂತ ಮೊದಲು ಹಾಕಬೇಕೋ, ಅನಂತರ ಹಾಕಬೇಕೋ, ‘ಇಟ್ಸ್’ ಎಂಬುದಕ್ಕೆ ಅದು ಬೇಕೇ ಎಂದು ಕೇಳಿದ್ದೀರಿ. ಎಸ್ ಅಕ್ಷರದ ಮೇಲೆಯೇ ಕಣ್ಣಿಟ್ಟು ಯೋಚಿಸುವುದರಿಂದ ಈ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಒಡೆಯರು ಯಾರು, ಒಬ್ಬರೋ ಹಲವರೋ ಎಂಬುದನ್ನು ಮೊದಲು ನಿರ್ಧರಿಸಿ, ಆ ಪದವನ್ನು ಪೂರ್ತಿಯಾಗಿ ಬರೆದು ಮುಗಿಸಿ. ಅಪಾಸ್ಟ್ರಫಿ ಬರುವುದು ಅದರ ಬೆನ್ನಿಗೇ.

ಒಬ್ಬ ಹುಡುಗನ ಪುಸ್ತಕಗಳ ಮಾತಾದರೆ ಒಡೆಯ ‘ಬಾಯ್’. ಅದರ ಕೊನೆಯ ವೈ ಅಕ್ಷರದ ನಂತರ ಅಪಾಸ್ಟ್ರಫಿ, ಆಮೇಲೆ ಎಸ್. ಹಲವು ಹುಡುಗರದಾದರೆ ಒಡೆಯರು ‘ಬಾಯ್ಸ್’. ಬಹುವಚನದ ಎಸ್ ಆಗಲೇ ಇರುವುದರಿಂದ ಅದರ ನಂತರ ಚಿಹ್ನೆ ಮಾತ್ರ ಸಾಕು. ‘ಚಿಲ್ಡ್ರನ್’, ‘ಮೆನ್’ ಮುಂತಾದವು ಬಹುವಚನಗಳೇ ಆದರೂ ಎಸ್‌ನಿಂದ ಮುಗಿಯುವುದಿಲ್ಲವಾದ್ದರಿಂದ ಅವುಗಳಿಗೆ ಚಿಹ್ನೆಯೂ ಎಸ್ ಅಕ್ಷರವೂ ಬೇಕು. ಹುಡುಗನ ಎಂದರೂ ಹುಡುಗರ ಎಂದರೂ ಇಂಗ್ಲಿಷಿನಲ್ಲಿ ಉಚ್ಚಾರಣೆ ಒಂದೇ ಆಗಿರುವುದರಿಂದ ಇಲ್ಲಿ ಕಿವಿಯನ್ನು ನಂಬುವಂತಿಲ್ಲ. ಕನ್ನಡದ ಷಷ್ಠೀ ವಿಭಕ್ತಿಯಲ್ಲಿ ಆ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸುತ್ತದೆಯಾದ್ದರಿಂದ, ಸಂದೇಹ ಬಂದಾಗ ಕನ್ನಡದಲ್ಲೊಮ್ಮೆ ಹೇಳಿಕೊಂಡು ನೋಡಿ. ‘ಎರಡು ವಾರಗಳ ನೋಟಿಸ್’ ಎಂಬಂತಹ ಕಾಲಸೂಚಕಗಳಿಗೂ ಇದೇ ನಿಯಮ: ವಾರಗಳು ಎರಡಾದ್ದರಿಂದ ಚಿಹ್ನೆ ಎಸ್ ಆದ ಮೇಲೆ.

‘ಇಟ್ಸ್’ ವಿಷಯಕ್ಕೆ ಸ್ವಲ್ಪ ಚರಿತ್ರೆ ಬೇಕು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಈ ಚಿಹ್ನೆಯ ಕೆಲಸ ಅಕ್ಷರ ಬಿಟ್ಟುಹೋದ ಜಾಗವನ್ನು ತೋರಿಸುವುದಾಗಿತ್ತು. ಹಳೆಯ ಇಂಗ್ಲಿಷಿನ ಅನೇಕ ನಾಮಪದಗಳ ಷಷ್ಠೀ ಪ್ರತ್ಯಯವಾಗಿದ್ದ ‘ಇ-ಎಸ್’ನಲ್ಲಿ ಇ ಲೋಪವಾದುದರಿಂದಲೇ ಅದು ಕ್ರಮೇಣ ಒಡೆತನದ ಗುರುತೂ ಆಯಿತು. ಇಂದು ‘ಇಟ್ಸ್’ನಲ್ಲಿ ಅಪಾಸ್ಟ್ರಫಿ ಇದ್ದರೆ ಅದು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂಬುದರ ಸಂಕ್ಷೇಪ ಮಾತ್ರ. ‘ಅದರ’ ಎಂಬರ್ಥದ ‘ಇಟ್ಸ್’ ಸರ್ವನಾಮವಾದ್ದರಿಂದ ‘ಹಿಸ್’, ‘ಹರ್ಸ್’, ‘ದೇರ್ಸ್’ಗಳಂತೆ ಅದಕ್ಕೂ ಚಿಹ್ನೆಯಿಲ್ಲ. 17 ಮತ್ತು 18ನೇ ಶತಮಾನಗಳಲ್ಲಿ ಅದನ್ನೂ ಅಪಾಸ್ಟ್ರಫಿಯೊಡನೆ ಬರೆಯುವವರಿದ್ದರು ಎಂಬುದನ್ನು ನೆನೆದರೆ, ಇಂದು ತಪ್ಪುವವರನ್ನು ಹೀಯಾಳಿಸುವ ಉತ್ಸಾಹ ನನಗಂತೂ ಉಳಿಯುವುದಿಲ್ಲ.

‘ಜೇಮ್ಸ್’ನಂತೆ ಎಸ್‌ನಿಂದ ಮುಗಿಯುವ ಹೆಸರುಗಳಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ. ಶಿಕಾಗೋ ಶೈಲಿ ಕೈಪಿಡಿ ಚಿಹ್ನೆಯ ನಂತರ ಇನ್ನೊಂದು ಎಸ್ ಬಯಸಿದರೆ, ಅಸೋಸಿಯೇಟೆಡ್ ಪ್ರೆಸ್ಸಿನ ಪತ್ರಿಕಾಶೈಲಿ ಬರೀ ಚಿಹ್ನೆಗೆ ತೃಪ್ತವಾಗುತ್ತದೆ. ಲಂಡನ್ನಿನ ಸೇಂಟ್ ಜೇಮ್ಸಸ್ ಪಾರ್ಕ್ ಮೊದಲನೆಯ ರೀತಿ, ನ್ಯೂಕಾಸಲ್ ಫುಟ್‌ಬಾಲ್ ಮೈದಾನವಾದ ಸೇಂಟ್ ಜೇಮ್ಸ್ ಪಾರ್ಕ್ ಎರಡನೆಯದು. ನಾನು ಮೊದಲನೆಯದನ್ನು ಬಳಸುತ್ತೇನೆ, ಏಕೆಂದರೆ ಹೆಚ್ಚಿನವರು ಆ ಎರಡನೆಯ ಎಸ್ ಅನ್ನು ಉಚ್ಚರಿಸುತ್ತಾರೆ. ಆದರೆ ಒಂದು ಬರಹದಲ್ಲಿ ಎರಡನ್ನೂ ಬೆರೆಸಬಾರದು. ಸ್ಥಳನಾಮಗಳನ್ನು ಮಾತ್ರ ಇದ್ದಂತೆಯೇ ಬರೆಯಬೇಕು: ಲಂಡನ್ನಿನ ಭೂಗತ ರೈಲಿನಲ್ಲಿ ಅರ್ಲ್ಸ್ ಕೋರ್ಟಿಗೆ ಅಪಾಸ್ಟ್ರಫಿಯಿದೆ, ಪಕ್ಕದ ನಿಲ್ದಾಣ ಬ್ಯಾರನ್ಸ್ ಕೋರ್ಟಿಗೆ ಇಲ್ಲ.

ಇಬ್ಬರಿಗೂ ಸೇರಿದ ಒಂದೇ ಮನೆಯಾದರೆ ಎರಡನೆಯ ಹೆಸರಿಗಷ್ಟೇ ಚಿಹ್ನೆ. ಪ್ರತ್ಯೇಕ ಮನೆಗಳಾದರೆ ಎರಡಕ್ಕೂ. ಒಡೆತನವೇ ಇಲ್ಲದ ಸಾಮಾನ್ಯ ಬಹುವಚನಕ್ಕೆ ಇದನ್ನು ಹಾಕುವಂತಿಲ್ಲ. ಬಿಡಿ ಅಕ್ಷರಗಳ ಬಹುವಚನ ಮಾತ್ರ ಇದಕ್ಕೆ ಅಪವಾದ. ಸಣ್ಣ ಎ ಅಕ್ಷರಕ್ಕೆ ನೇರವಾಗಿ ಎಸ್ ಹಚ್ಚಿದರೆ ಓದುಗರು ಅದನ್ನು ‘ಆ್ಯಸ್’ ಎಂಬ ಬೇರೆಯೇ ಪದವೆಂದು ಓದಿಬಿಡುವುದರಿಂದ, ಅಲ್ಲಿ ನಡುವೆ ಅಪಾಸ್ಟ್ರಫಿ ಇಡುವ ರೂಢಿಯಿದೆ.