ಮಕ್ಕಳನ್ನು ತಿಂಗಳುಗಟ್ಟಲೆ ವಿದೇಶಕ್ಕೆ ಕರೆದೊಯ್ದರೆ ಅವರು ಏನು ಕಲಿಯುತ್ತಾರೆ?

ಶಾಲೆ ತಪ್ಪಿಸಿ ಮಕ್ಕಳನ್ನು ಎರಡು ಮೂರು ತಿಂಗಳು ಹೊರದೇಶದಲ್ಲಿ ಸುತ್ತಿಸಿದರೆ ಪಾಠ ಹಾಳಾಗುವುದಷ್ಟೇ ಹೊರತು ಬೇರೇನಾದರೂ ದಕ್ಕುತ್ತದೆಯೇ ಎಂದು ಕೇಳಿದ್ದೀರಿ. ನಾವು ಮಂಡ್ಯದವರು. ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್ ಮೊದಲ ವಾರದಲ್ಲಿ ಹೊರಟು ಜೂನ್ ಕೊನೆಗೆ ಮರಳಿದ್ದರಿಂದ ನಮ್ಮ ಮಕ್ಕಳಿಗೆ ಶಾಲೆ ತಪ್ಪಿದ್ದು ಸುಮಾರು ಒಂದು ತಿಂಗಳು ಮಾತ್ರ. ಆಗ ಮಗಳಿಗೆ 13 ವರ್ಷ, ಮಗನಿಗೆ 9. ಕಾಂಬೋಡಿಯದ ಸಿಯೆಮ್ ರೀಪ್‌ನಲ್ಲಿ 5 ವಾರ ಬಾಡಿಗೆ ಮನೆಯಲ್ಲಿದ್ದೆವು. ಉಳಿದ ದಿನಗಳನ್ನು ಅಲ್ಲಿನ ರಾಜಧಾನಿ ನೋಮ್ ಪೆನ್‌ನಲ್ಲಿಯೂ ವಿಯೆಟ್ನಾಮಿನ ಕಾನ್ ತೋ ನಗರದಲ್ಲಿಯೂ ಕಳೆದೆವು.

ನಾನು ಕಲಿಸಬೇಕೆಂದು ಸಿದ್ಧತೆ ಮಾಡಿಕೊಂಡು ಹೋದದ್ದನ್ನು ಅವರು ಹೆಚ್ಚೇನೂ ಕಲಿಯಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಸಿಯೆಮ್ ರೀಪ್ ಬಳಿಯ ಅಂಕೋರ್ ವಾಟ್ ದೇವಾಲಯವನ್ನು ಕಟ್ಟಿಸಿದ ದೊರೆ ಎರಡನೆಯ ಸೂರ್ಯವರ್ಮನೂ ನಮ್ಮ ಹೊಯ್ಸಳ ವಿಷ್ಣುವರ್ಧನನೂ ಸಮಕಾಲೀನರು. ಮೇಲುಕೋಟೆಯ ಬೆಟ್ಟ ಹತ್ತಿ ಬೆಳೆದ ಮಕ್ಕಳಿಗೆ ಈ ಸಂಗತಿ ರುಚಿಸಬಹುದೆಂದು ಎಣಿಸಿ, ಸುಮಾರು 49 ಮೀಟರ್ ಉದ್ದದ ಸಮುದ್ರಮಥನದ ಉಬ್ಬುಶಿಲ್ಪದ ಮುಂದೆ ಅವರನ್ನು ನಿಲ್ಲಿಸಿ ವಿವರಿಸತೊಡಗಿದೆ. ಮಗ ವಾಸುಕಿಯನ್ನು ಹಿಡಿದೆಳೆಯುವ ಅಸುರರನ್ನು ಎಣಿಸುತ್ತಾ ಹೋಗಿ, ನಡುವೆ ಲೆಕ್ಕ ತಪ್ಪಿ, ಕುಡಿಯಲು ನೀರು ಕೇಳಿದ. ಮೂರನೆಯ ದೇವಾಲಯದ ಹೊತ್ತಿಗೆ ಇಬ್ಬರಿಗೂ ಕಲ್ಲು ಸಾಕಾಗಿತ್ತು.

ಅವರು ನಿಜವಾಗಿ ಕಲಿತದ್ದು ಮನೆಯ ಹತ್ತಿರದ ಸಂತೆಯಲ್ಲಿ. ದಿನವೂ ಮಾವಿನಹಣ್ಣು ತರುವ ಕೆಲಸವನ್ನು ಮಗನಿಗೆ ವಹಿಸಿದ್ದೆವು. ಅಲ್ಲಿನವರ ಖ್ಮೇರ್ ಭಾಷೆಯಲ್ಲಿ ಐದಕ್ಕೆ 'ಪ್ರಾಂ', ಒಂದಕ್ಕೆ 'ಮುಯ್'. ಆರಕ್ಕೆ ಬೇರೆ ಪದವಿಲ್ಲ, 'ಪ್ರಾಂ ಮುಯ್', ಅಂದರೆ ಐದು-ಒಂದು. ಒಂಬತ್ತರವರೆಗೂ ಹೀಗೆಯೇ. "ಅಪ್ಪ, ಇವರು ಒಂದು ಕೈ ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಣಿಸುತ್ತಾರೆ" ಎಂದು ಅವನು ತಾನಾಗಿಯೇ ಕಂಡುಕೊಂಡ ದಿನ, ಮಗಳು ನಮ್ಮ ಹನ್ನೊಂದರಲ್ಲಿ, ಹನ್ನೆರಡರಲ್ಲಿ, ಒಂಬತ್ತರಲ್ಲಿ ಕೂಡ ಹತ್ತು ಅಡಗಿರುವುದನ್ನು ಬಿಡಿಸಿ ತೋರಿಸಿದಳು. ಮಂಡ್ಯದಲ್ಲಿದ್ದಿದ್ದರೆ ಈ ಮಾತು ನಮ್ಮ ಮನೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಮುಂದೆ ಕಾನ್ ತೋದಲ್ಲಿ, 'ಮಾ' ಎಂಬ ಒಂದೇ ಉಚ್ಚಾರ ಧ್ವನಿಯ ಏರಿಳಿತಕ್ಕೆ ತಕ್ಕಂತೆ ತಾಯಿ, ದೆವ್ವ, ಭತ್ತದ ಸಸಿ ಎಂದೆಲ್ಲ ಆಗುವ ಭಾಷೆಯ ನಡುವೆ, ತರಗತಿಯಲ್ಲಿ ಸದಾ ಮೊದಲಿಗಳಾಗಿದ್ದ ಮಗಳು ಪ್ರತಿದಿನವೂ ತಪ್ಪು ಹೇಳಿ ನಗೆಗೀಡಾಗಬೇಕಾಯಿತು. ಮೊದಲ ವಾರ ಬಾಯಿಯನ್ನೇ ತೆರೆಯಲಿಲ್ಲ. ಆಮೇಲೆ ತಾನೂ ನಕ್ಕು ಮತ್ತೊಮ್ಮೆ ಹೇಳುವುದನ್ನು ಕಲಿತಳು.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸಿಯೆಮ್ ರೀಪ್‌ನಿಂದ ಬಾಂತೆಯ್ ಸ್ರೈ ದೇವಾಲಯಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಹೆಂಗಸರು ತಾಳೆಮರದ ನೀರಾವನ್ನು ಅಗಲವಾದ ಬಾಣಲೆಗಳಲ್ಲಿ ಕಾಯಿಸಿ ಬೆಲ್ಲ ಮಾಡುತ್ತಾರೆ. ವಾಹನದಿಂದ ಇಳಿಯುತ್ತಲೇ ಮಗ "ಅಜ್ಜಿಯ ಊರಿನ ವಾಸನೆ" ಎಂದ. ನಮ್ಮ ತಾಯಿಯ ಊರಿನಲ್ಲಿ ಆಲೆಮನೆಯ ಕೊಪ್ಪರಿಗೆಯ ಪಕ್ಕ ನಿಂತು ಬೆಳೆದವನು ಅವನು. ಪಾಕ ಹದಕ್ಕೆ ಬಂದಿದೆಯೇ ಎಂದು ನೋಡಲು ನೀರಿನಲ್ಲಿ ಹನಿ ಬಿಟ್ಟು ಬೆರಳಿನಿಂದ ಉಂಡೆ ಕಟ್ಟಿ ನೋಡುವ ಕ್ರಮವನ್ನು ಅವನು ಸನ್ನೆಯಿಂದಲೇ ಮಾಡಿ ತೋರಿಸಿದಾಗ, ಆ ಹೆಂಗಸು ನಗುತ್ತಾ ಸೌಟನ್ನೇ ಅವನ ಕೈಗೆ ಕೊಟ್ಟರು. ಅಲ್ಲಿಯವರೆಗೂ ಅವನ ಪಾಲಿಗೆ ಆಲೆಮನೆಯೆಂದರೆ ಹಳ್ಳಿಯ ಹಳೆಯ ವಸ್ತು; ಅದು ದೇಶಾಂತರದಲ್ಲಿ ಮಾತಾಡಲು ಬರುವ ವಿದ್ಯೆಯೆಂದು ತಿಳಿದದ್ದು ಅಂದು.

ಟೋನ್ಲೆ ಸಾಪ್ ಸರೋವರದ ಅಂಚಿನ ಹಳ್ಳಿಯಲ್ಲಿ ಒಣನೆಲದ ಮೇಲೆ ಎತ್ತರದ ಕಂಬಗಳ ಮನೆಗಳನ್ನು ಕಂಡು ಇಬ್ಬರೂ ಬೆರಗಾದರು. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿದಾಗ, ಸರೋವರವನ್ನು ಅದಕ್ಕೆ ಜೋಡಿಸುವ ಟೋನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿದು, ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ ನಾಲ್ಕೈದು ಪಟ್ಟು ಹಿಗ್ಗುತ್ತದೆ. ಕನ್ನಂಬಾಡಿ ಅಣೆಕಟ್ಟೆಯ ನೀರು ಗರಿಷ್ಠ 124.80 ಅಡಿಗೆ ಎಷ್ಟು ಕಡಿಮೆಯೆಂಬ ಲೆಕ್ಕವನ್ನು ಪತ್ರಿಕೆಯಲ್ಲಿ ಓದುತ್ತಾ ಬೆಳೆದ ಮಕ್ಕಳಿಗೆ, ನೀರನ್ನು ತಡೆಯುವ ಬದಲು ಮನೆಯನ್ನೇ ಎತ್ತರಿಸಿದ ಜನರನ್ನು ಕಾಣುವುದು ಹೊಸದು.

ನೋಮ್ ಪೆನ್‌ನ ತುವೋಲ್ ಸ್ಲೆಂಗ್ ವಸ್ತುಸಂಗ್ರಹಾಲಯಕ್ಕೆ ಮಗಳನ್ನು ಮಾತ್ರ ಕರೆದೊಯ್ದೆ. ಮಗನನ್ನು ಒಯ್ಯದಿರುವುದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ. ಅದು ಮೊದಲು ಪ್ರೌಢಶಾಲೆ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಣದ ಆಡಳಿತ ಅದನ್ನು ಸೆರೆಮನೆ ಮಾಡಿ, ತರಗತಿ ಕೋಣೆಗಳಲ್ಲಿ ಇಟ್ಟಿಗೆಯ ಇಕ್ಕಟ್ಟಾದ ಗೂಡುಗಳನ್ನು ಕಟ್ಟಿತ್ತು. ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿನ ಮೇಷ್ಟ್ರುಗಳು ಏನಾದರು?" ಓದುಬರಹ ಬಲ್ಲವರನ್ನೇ ಹುಡುಕಿ ಕೊಂದ ಆಡಳಿತವದು ಎಂದಷ್ಟೇ ಹೇಳಿದೆ. ಅಂದು ರಾತ್ರಿ ಅವಳು ಸಿಯೆಮ್ ರೀಪ್‌ನ ನಮ್ಮ ಮನೆಯೊಡತಿಯ ವಯಸ್ಸನ್ನು ಲೆಕ್ಕ ಹಾಕಿ, ಆ ಅಜ್ಜಿ ಆಗ ತನ್ನಷ್ಟೇ ಇದ್ದಿರಬೇಕೆಂದು ಹೇಳಿ ಸುಮ್ಮನಾದಳು.

ನಷ್ಟಗಳೂ ಇವೆ. ಮಗ ಭಿನ್ನರಾಶಿಯಲ್ಲಿ ಹಿಂದೆ ಬಿದ್ದು, ಅದನ್ನು ಸರಿಪಡಿಸುವಷ್ಟರಲ್ಲಿ ದಸರಾ ಬಂತು. ಮೂರನೆಯ ವಾರ ಮುದ್ದೆ, ಬಸ್ಸಾರು ಬೇಕೆಂದು ಅತ್ತದ್ದೂ ಉಂಟು. ಆದರೆ ಕಳೆದ ವರ್ಷ ಊರಿನ ಆಲೆಮನೆಯಲ್ಲಿ, ಈಗ ಬಹುಪಾಲು ಕಡೆ ಇರುವಂತೆ, ಉತ್ತರ ಪ್ರದೇಶದಿಂದ ಬಂದ ಕೆಲಸಗಾರರಿದ್ದರು. ಮಗ ಅವರ ಹುಡುಗನೊಬ್ಬನ ಪಕ್ಕ ಕುಳಿತು, ನಿಮ್ಮಲ್ಲಿ ಆರಕ್ಕೆ ಏನನ್ನುತ್ತಾರೆಂದು ಬೆರಳು ಮಡಚಿ ಕೇಳುತ್ತಿದ್ದುದನ್ನು ನೋಡಿದೆ.

ನೀವು ಹೋಗುವುದಾದರೆ ಊರುಗಳ ಸಂಖ್ಯೆ ಕಡಿಮೆ ಮಾಡಿ, ಒಂದೇ ಕಡೆ ಕನಿಷ್ಠ ಮೂರು ವಾರ ನಿಲ್ಲಿ. ತರಕಾರಿ ಮಾರುವವರು ಮಗುವಿನ ಗುರುತು ಹಿಡಿಯಲು ಅಷ್ಟು ಕಾಲ ಬೇಕು. ಅಂಕೋರ್‌ನ 7 ದಿನಗಳ ಟಿಕೆಟನ್ನು ಒಂದು ತಿಂಗಳೊಳಗೆ ಬಿಡಿಬಿಡಿಯಾಗಿ ಬಳಸಬಹುದು, 12 ವರ್ಷದೊಳಗಿನವರಿಗೆ ಶುಲ್ಕವಿಲ್ಲ, ಆದರೆ ವಯಸ್ಸಿನ ದಾಖಲೆಗೆ ಅವರ ಪಾಸ್‌ಪೋರ್ಟ್ ಜೊತೆಗಿರಲಿ. ಶಾಲೆಯವರಿಂದ ರಜೆಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ನಾವು ಬಾಯಿಮಾತನ್ನು ನಂಬಿ ಹೋಗಿ, ಮರಳಿದ ಮೇಲೆ ಹಾಜರಾತಿಗಾಗಿ ಮೂರು ಸಲ ಅಲೆದೆವು.