ಕಾನೆಸ್ಟೋಗಾ ಬಂಡಿಯ ಚಕ್ರ ಸೊಟ್ಟಗಾದದ್ದಲ್ಲ

ಪೆನ್ಸಿಲ್ವೇನಿಯಾದ ವಸ್ತುಸಂಗ್ರಹಾಲಯದಲ್ಲಿ ಕಂಡ 18ನೇ ಶತಮಾನದ ಕಾನೆಸ್ಟೋಗಾ ಸರಕು ಬಂಡಿಯ ಚಕ್ರಗಳು ಹಳತಾಗಿ ಸೊಟ್ಟಗಾಗಿವೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಬಡಗಿ ಬೇಕೆಂದೇ ಹಾಗೆ ಮಾಡಿದ್ದು. ಅರೆಕಾಲುಗಳು, ಅಂದರೆ ಚಕ್ರದ ಕಡ್ಡಿಗಳು, ನಡುವಿನ ಗುಂಬದಿಂದ ಹೊರಕ್ಕೆ ವಾಲಿರುವುದರಿಂದ ಚಕ್ರ ಊಟದ ತಟ್ಟೆಯ ಹಾಗೆ ತಗ್ಗಾಗಿರುತ್ತದೆ. ಕುದುರೆಗಳು ಹೆಜ್ಜೆ ಹಾಕಿದಂತೆಲ್ಲ ಭಾರ ಅತ್ತಿತ್ತ ತೂಗಿ ಗುಂಬವನ್ನು ಹೊರಕ್ಕೆ ತಳ್ಳುತ್ತದೆ. ನೇರ ಚಕ್ರವಾದರೆ ಅರೆಕಾಲುಗಳ ಬುಡ ಸಡಿಲಾಗುತ್ತದೆ. ಇಲ್ಲಿ ತಳ್ಳಿದಷ್ಟೂ ಅವು ಚಕ್ರದ ಹೊರಸುತ್ತನ್ನು ಬಿಗಿದ ಕಬ್ಬಿಣದ ಪಟ್ಟಿಗೆ ಒತ್ತಿಕೊಂಡು ಬಿಗಿಯಾಗುತ್ತವೆ. ಇರುಸಿನ ತುದಿಯೂ ತುಸು ಕೆಳಕ್ಕೆ ಬಾಗಿರುತ್ತದೆ. ಹಾಗಾಗಿ ನೆಲದ ಕಡೆಯ ಅರೆಕಾಲು ನೆಟ್ಟಗೆ ನಿಂತು ಭಾರ ಹೊರುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಪಟ್ಟಿ ಕೂರಿಸುವ ಕೆಲಸ. ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿ ಪಟ್ಟಿಯನ್ನು ಬೆಸೆದು, ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಮೇಲೆ ಇಳಿಸುತ್ತಾರೆ. ಮರ ಸುಟ್ಟು ಹೊಗೆ ಏಳುತ್ತಿದ್ದಂತೆ ನೀರು ಸುರಿದರೆ ಅದು ಕುಗ್ಗಿ ಎಲ್ಲ ಕೀಲುಗಳನ್ನೂ ಅದುಮಿ ಹಿಡಿಯುತ್ತದೆ. ನಮ್ಮ ಎತ್ತಿನ ಗಾಡಿಗೂ ಕಮ್ಮಾರರು ಹೀಗೆಯೇ ಪಟ್ಟಿ ಹಾಕುತ್ತಿದ್ದರು.

ಮತ್ತೆ ಹೋದರೆ ಬಂಡಿಯ ತಳವನ್ನೂ ಬಗ್ಗಿ ನೋಡಿ. ಏರು ಇಳಿಜಾರಿನಲ್ಲಿ ಹಿಟ್ಟಿನ ಪೀಪಾಯಿಗಳು ಜಾರದಿರಲೆಂದು ಅದನ್ನು ನಡುವೆ ತಗ್ಗಿಸಿ ಎರಡೂ ತುದಿಗಳಲ್ಲಿ ಎತ್ತರಿಸಿರುತ್ತಾರೆ.