ಮಿಲ್ ಲ್ಯಾಕ್ಸ್‌ಗೆ ಹೊರಟ ತಮ್ಮನಿಗೆ: ನಾಲ್ಕು ಸ್ಪಿನ್ನರ್ ಸಾಕು

ತಮ್ಮಾ,

ನಿನ್ನ ಪತ್ರ ಎರಡು ಸಲ ಓದಿದೆ. ನೀನು ಗಂಗೊಳ್ಳಿಯಿಂದ ಮಾರ್ಚ್‌ನಲ್ಲಿ ಮಿನ್ನಿಯಾಪೊಲಿಸ್‌ಗೆ ಬಂದೆ. ವಾರವಿಡೀ ಕೆಲಸ, ಶನಿವಾರ ಭಾನುವಾರ ರೂಮಿನಲ್ಲಿ ಒಬ್ಬನೇ. ಈಗ ಆಫೀಸಿನ ಹಿರಿಯರೊಬ್ಬರು ಜೂನ್ ಮೂರನೇ ವಾರ ಇಲ್ಲಿ ಮಿನ್ನೆಸೋಟಾದ ಮಿಲ್ ಲ್ಯಾಕ್ಸ್ ಸರೋವರಕ್ಕೆ ವಾಲೈ ಮೀನು ಹಿಡಿಯಲು ಕರೆದಿದ್ದಾರೆ. ದೋಣಿ ಅವರದೇ. ‘ಒಂದೆರಡು ಸ್ಪಿನ್ನರ್ ರಿಗ್ ತಗೊಂಡು ಬಾ’ ಅಂದಿದ್ದಾರೆ. ಅಂಗಡಿಗೆ ಹೋದರೆ ಗೋಡೆ ತುಂಬ ಅದೇ ನೇತಾಡುತ್ತಿತ್ತು, ಏನೂ ತೋಚದೆ ಬರಿಗೈಲಿ ವಾಪಸ್ ಬಂದೆ. ‘ಯಾವುದು ಕೊಳ್ಳಲಿ ಅಣ್ಣ? ಇಲ್ಲಾ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಲಾ?’ ಅಂತ ಕೇಳಿದ್ದೀಯ.

ತಪ್ಪಿಸಿಕೊಳ್ಳಬೇಡ. ಇಲ್ಲಿಯ ಜನ ಲಿಫ್ಟಿನಲ್ಲಿ ನಗುತ್ತಾರೆ, ಹವಾಮಾನದ ಬಗ್ಗೆ ಮಾತಾಡುತ್ತಾರೆ. ಆದರೆ ಜೊತೆಗೆ ಬಾ ಅಂತ ಕರೆಯುವುದು ನಿಧಾನ. ದೋಣಿಗೆ ಕರೆದರು ಅಂದರೆ ಇಡೀ ದಿನ ನಿನ್ನ ಜೊತೆ ಕಳೆಯೋಕೆ ಒಪ್ಪಿದ್ದಾರೆ ಅಂತ ಅರ್ಥ. ನಾನು ಬಂದ ಮೊದಲ ವರ್ಷ ಹೀಗೆ ಕರೆದಾಗ ಮೂರು ಸಲ ‘ಮುಂದಿನ ಸಲ’ ಅಂದೆ. ಆಮೇಲೆ ಎರಡು ಬೇಸಿಗೆ ಯಾರೂ ಕರೆಯಲಿಲ್ಲ. ಆ ಎರಡು ಬೇಸಿಗೆ ಸುಮ್ನೆ ಹೋಯಿತು ಅಂತ ಇವತ್ತಿಗೂ ಬೇಜಾರಿದೆ.

ಇನ್ನು ರಿಗ್ ವಿಷಯ. ನಾನು ತೀರ್ಥಹಳ್ಳಿ ಕಡೆಯವನು. ಹೊಳೆ, ಗಾಳ, ಎರೆಹುಳ, ಬೆಂಡು, ಇಷ್ಟೇ ನನಗೆ ಗೊತ್ತಿದ್ದದ್ದು. ಸ್ಪಿನ್ನರ್ ರಿಗ್ ಕೂಡ ಬುಡದಲ್ಲಿ ಅದೇ. ಮೂರು ನಾಲ್ಕು ಅಡಿ ದಾರ, ತುದಿಯಲ್ಲಿ ಒಂದೋ ಎರಡೋ ಕೊಕ್ಕೆ, ಅದರ ಮುಂದೆ ಒಂದಷ್ಟು ಮಣಿ, ಮಣಿಗಳ ಮುಂದೆ ತಿರುಗುವ ಒಂದು ಲೋಹದ ಬಿಲ್ಲೆ. ಆ ಬಿಲ್ಲೆಗೆ ಬ್ಲೇಡ್ ಅನ್ನುತ್ತಾರೆ. ಅದನ್ನು ದಾರಕ್ಕೆ ಸಿಕ್ಕಿಸುವ ಪುಟ್ಟ ಕೊಂಡಿಗೆ ಕ್ಲೆವಿಸ್. ಕೊಕ್ಕೆಗೆ ಹುಳ ಚುಚ್ಚಿ ದೋಣಿಯ ಹಿಂದೆ ನಿಧಾನವಾಗಿ ಎಳೆದುಕೊಂಡು ಹೋಗುತ್ತೇವೆ. ಬ್ಲೇಡ್ ತಿರುಗಿ ಮಿನುಗುತ್ತದೆ, ನೀರಿನಲ್ಲಿ ಅದುರುತ್ತದೆ. ಮೀನು ಆ ಅದುರನ್ನು ಮೈಪಕ್ಕದ ಗೆರೆಯಿಂದಲೇ ತಿಳಿದು ಹತ್ತಿರ ಬರುತ್ತದೆ, ಹುಳ ಕಂಡು ಬಾಯಿ ಹಾಕುತ್ತದೆ.

ಅಂಗಡಿಯ ಗೋಡೆ ಬಣ್ಣದಿಂದ ಕಣ್ಣು ಸೆಳೆಯುತ್ತದೆ. ನೀನು ಬಣ್ಣ ಬಿಟ್ಟು ಮೊದಲು ಬ್ಲೇಡಿನ ಆಕಾರ ನೋಡು. ಮುಖ್ಯವಾದವು ಮೂರು. ದುಂಡಗಿದ್ದರೆ ಕೊಲರಾಡೊ. ನೀರಿನ ಹನಿಯ ಹಾಗೆ ಸ್ವಲ್ಪ ಉದ್ದವಿದ್ದರೆ ಇಂಡಿಯಾನಾ. ಎಲೆಯ ಹಾಗೆ ಸಪೂರವಾಗಿ ಉದ್ದವಿದ್ದರೆ ವಿಲೋ ಲೀಫ್. ಕೊಲರಾಡೊ ತೀರಾ ನಿಧಾನಕ್ಕೆ ಹೋದರೂ ತಿರುಗುತ್ತದೆ, ಜಾಸ್ತಿ ಅದುರುತ್ತದೆ. ವಿಲೋ ಲೀಫ್ ತಿರುಗಬೇಕಾದರೆ ದೋಣಿಗೆ ವೇಗ ಬೇಕು. ಅದರಲ್ಲಿ ಮಿನುಗು ಹೆಚ್ಚು, ಅದುರು ಕಡಿಮೆ. ಇಂಡಿಯಾನಾ ಎರಡರ ನಡುವೆ.

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಮೊದಲ ಸಲ ನಾನು ಚೆಂದ ಕಂಡಿದ್ದಕ್ಕೆ ಬರೀ ವಿಲೋ ಲೀಫ್ ಕೊಂಡು ಹೋದೆ. ಅವತ್ತು ಗಾಳಿ ಇರಲಿಲ್ಲ, ದೋಣಿ ತೆವಳುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದ ತನಕ ನನ್ನ ಗಾಳಕ್ಕೆ ಒಂದೂ ಮುಟ್ಟಲಿಲ್ಲ, ಪಕ್ಕದವರಿಗೆ ಐದು ಬಿತ್ತು. ಆಮೇಲೆ ಅವರೇ ನನ್ನ ದಾರವನ್ನು ದೋಣಿಯ ಪಕ್ಕದಲ್ಲೇ ನೀರಿಗೆ ಬಿಟ್ಟು ತೋರಿಸಿದರು. ಬ್ಲೇಡ್ ತಿರುಗುತ್ತಲೇ ಇರಲಿಲ್ಲ, ಜೋತುಬಿದ್ದು ಬರುತ್ತಿತ್ತು. ಅವತ್ತಿನಿಂದ ಆಳಕ್ಕೆ ಬಿಡುವ ಮೊದಲು ಪ್ರತಿ ಸಲ ಪಕ್ಕದಲ್ಲಿ ಬಿಟ್ಟು ನೋಡುತ್ತೇನೆ. ತಿರುಗಿದರೆ ಮಾತ್ರ ಕೆಳಗೆ ಬಿಡುತ್ತೇನೆ. ಈ ಒಂದು ಅಭ್ಯಾಸ ಇಟ್ಟುಕೋ, ಬಣ್ಣ ಹೆಚ್ಚುಕಡಿಮೆ ಆದರೂ ಪರವಾಗಿಲ್ಲ.

ವೇಗ ಎಷ್ಟು ಅಂದರೆ ಗಂಟೆಗೆ 1 ಮೈಲಿ ಆಸುಪಾಸು. ದೇವಸ್ಥಾನದಲ್ಲಿ ಅಜ್ಜಿಯ ಕೈ ಹಿಡಿದು ಪ್ರದಕ್ಷಿಣೆ ಹಾಕುತ್ತೇವಲ್ಲ, ಆ ನಡಿಗೆ. ಆ ವೇಗಕ್ಕೆ ಕೊಲರಾಡೊ ಸರಿ. 1.2, 1.3ಕ್ಕೆ ಏರಿಸಿದರೆ ಇಂಡಿಯಾನಾ. ಇಷ್ಟು ಸಾಕು: 3ನೇ ನಂಬರಿನ ಕೊಲರಾಡೊ ಎರಡು, 4ನೇ ನಂಬರಿನ ಇಂಡಿಯಾನಾ ಎರಡು. ಒಟ್ಟು ನಾಲ್ಕು. ಈರಿಯಂಥ ದೊಡ್ಡ ಸರೋವರಗಳಲ್ಲಿ ಇನ್ನೂ ದೊಡ್ಡ ಬ್ಲೇಡ್ ಹಾಕುತ್ತಾರೆ, ಇಲ್ಲಿ ಅದು ಬೇಡ.

ಬಣ್ಣಕ್ಕೆ ಬರೋಣ. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುತ್ತದಲ್ಲ, ವಾಲೈ ಕಣ್ಣೂ ಹಾಗೇ. ಮಬ್ಬು ಬೆಳಕಿನಲ್ಲಿ ಬೇರೆ ಮೀನಿಗಿಂತ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಮುಂಜಾನೆ, ಮುಸ್ಸಂಜೆ, ಮೋಡ ಕವಿದ ದಿನ, ಗಾಳಿಗೆ ನೀರು ಕದಡಿದ ಹೊತ್ತು ಅದು ಬೇಟೆಗೆ ಇಳಿಯುತ್ತದೆ. ನೀರು ಕೆಂಪಗೆ ಕಲಕಿದ್ದರೆ ಚಿನ್ನದ ಬಣ್ಣ, ಕಿತ್ತಳೆ, ಗಿಳಿಹಸಿರು ಒಳ್ಳೆಯದು. ತಿಳಿಯಾಗಿದ್ದರೆ ಬೆಳ್ಳಿ, ಇಲ್ಲವೇ ಅಲ್ಲಿಯ ಪರ್ಚ್ ಅನ್ನುವ ಮೀನಿನ ಮರಿಯ ಬಣ್ಣ. ಮಿಲ್ ಲ್ಯಾಕ್ಸ್‌ನಲ್ಲಿ 2005ರಲ್ಲಿ ಜೀಬ್ರಾ ಮಸಲ್ ಅನ್ನುವ ಹೊರಗಿನ ಚಿಪ್ಪುಜೀವಿ ಸಿಕ್ಕಿತು. ಅದು ನೀರನ್ನು ಸೋಸಿ ತಿನ್ನುತ್ತದೆ. ನೀರು ಈಗ ಮೊದಲಿಗಿಂತ ತಿಳಿ. ಹಾಗಾಗಿ ನಿನ್ನ ನಾಲ್ಕರಲ್ಲಿ ಎರಡು ಬೆಳ್ಳಿ, ಒಂದು ಚಿನ್ನ, ಒಂದು ಕಿತ್ತಳೆ ಇರಲಿ.

ಕೊಳ್ಳುವಾಗ ಇನ್ನೊಂದು ನೋಡು. ಮಣಿಗಳ ಸಾಲು ಬ್ಲೇಡಿಗಿಂತ ಉದ್ದ ಇರಬೇಕು. ಇಲ್ಲದಿದ್ದರೆ ಬ್ಲೇಡ್ ಕೊಕ್ಕೆಗೆ ತಗುಲಿ ನಿಲ್ಲುತ್ತದೆ.

ಈ ರಿಗ್ಗನ್ನು ತಳಕ್ಕೆ ಇಳಿಸುವುದು ಬಾಟಂ ಬೌನ್ಸರ್. ಬಾಗಿದ ತಂತಿ, ನಡುವೆ ತೂಕ. ಸಾಮಾನ್ಯ ಲೆಕ್ಕ 10 ಅಡಿ ಆಳಕ್ಕೆ 1 ಔನ್ಸ್. ಜೂನ್‌ನಲ್ಲಿ ನಿನ್ನ ಆಫೀಸಿನ ಹಿರಿಯರು ನಿನ್ನನ್ನು ಸರೋವರದ ನಡುವಿನ ಕೆಸರು ದಿಬ್ಬಗಳ ಅಂಚಿಗೆ ಕರೆದುಕೊಂಡು ಹೋಗಬಹುದು. ಅಲ್ಲಿ 2 ಔನ್ಸಿನದು, ಕೆಲವು ಕಡೆ ಅದಕ್ಕಿಂತ ಭಾರದ್ದು ಬೇಕಾಗುತ್ತದೆ. ಅವರ ಹತ್ತಿರ ಇದ್ದೇ ಇರುತ್ತದೆ, ಕೊಳ್ಳುವ ಮೊದಲು ಕೇಳು. ತಳ ಮುಟ್ಟುವ ತನಕ ದಾರ ಬಿಡು. ತಂತಿ ಆಗಾಗ ಟಕ್ ಅಂತ ನೆಲ ತಾಕಬೇಕು, ಸದಾ ಉಜ್ಜಿಕೊಂಡು ಬರಬಾರದು. ದಾರ ತೀರಾ ಹಿಂದಕ್ಕೆ ಚಾಚಿದ್ದರೆ ತೂಕ ಸಾಲುತ್ತಿಲ್ಲ ಅಂತ ತಿಳಿ.

ಹುಳದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇಲ್ಲಿ ನೈಟ್‌ಕ್ರಾಲರ್ ಅಂದರೆ ದಪ್ಪ ಎರೆಹುಳ, ಡಬ್ಬಿಯಲ್ಲಿ ಸಿಗುತ್ತದೆ. ಎರಡು ಕೊಕ್ಕೆಯ ರಿಗ್ಗಿಗೆ ತಲೆಯನ್ನು ಮೊದಲ ಕೊಕ್ಕೆಗೆ, ನಡುವನ್ನು ಎರಡನೆಯದಕ್ಕೆ ಚುಚ್ಚು. ಹುಳ ನೆಟ್ಟಗೆ ಇರಲಿ. ಮುದುಡಿದರೆ ಅದೇ ಗಿರಗಿರ ತಿರುಗಿ ದಾರ ಹುರಿಗಟ್ಟುತ್ತದೆ. ಜಿಗಣೆಯೂ ಒಳ್ಳೆಯ ಎರೆ. ಮಳೆಗಾಲದಲ್ಲಿ ಕಾಲಿಂದ ಇಂಬಳ ಕಿತ್ತು ಬಿಸಾಡಿ ಬೆಳೆದವನು ನಾನು. ಇಲ್ಲಿ ಡಜನ್ ಲೆಕ್ಕದಲ್ಲಿ ಜಿಗಣೆ ಕೊಳ್ಳುವಾಗ ಮೊದಲು ಕೈ ಹೋಗಲಿಲ್ಲ.

ಉಳಿದ ಹುಳವನ್ನು ಮಾತ್ರ ಮಣ್ಣಿಗೆ ಬಿಡಬೇಡ. ನಮಗೆ ಎರೆಹುಳ ಅಂದರೆ ರೈತನ ಗೆಳೆಯ, ಅಲ್ವಾ? ಈ ರಾಜ್ಯದ ಕಾಡಿಗೆ ಅದು ಹೊರಗಿನದು. ಹಿಮಯುಗದ ನಂತರ ಇಲ್ಲಿಯ ಕಾಡು ಎರೆಹುಳವಿಲ್ಲದೆ ಬೆಳೆದದ್ದು. ಬಿಟ್ಟ ಹುಳ ನೆಲದ ಮೇಲಿನ ಎಲೆಯ ಹಾಸನ್ನು ತಿಂದು ಮುಗಿಸುತ್ತದೆ, ಅದರಡಿ ಮೊಳೆಯುವ ಗಿಡಗಳಿಗೆ ಜಾಗ ಇಲ್ಲದಂತಾಗುತ್ತದೆ. ಡಬ್ಬಿ ಸಮೇತ ಕಸದ ಬುಟ್ಟಿಗೆ ಹಾಕು. ಇದನ್ನು ತಿಳಿದ ದಿನ ನಾನು ತುಂಬ ಹೊತ್ತು ಯೋಚಿಸಿದೆ. ಊರಿನಲ್ಲಿ ಪುಣ್ಯದ ಕೆಲಸ ಆದದ್ದು ಇಲ್ಲಿ ಹಾನಿ ಆಗಬಹುದು. ಹೊಸ ಜಾಗದಲ್ಲಿ ಏನು ಮಾಡುವ ಮೊದಲೂ ಕೇಳಿಕೊಳ್ಳುವುದನ್ನು ನಾನು ಅಲ್ಲಿಂದ ಕಲಿತೆ.

ಮೀನು ಹಿಡಿದಾಗ ಗೊತ್ತಾಗುವುದು ಭಾರದಿಂದ. ಯಾರೋ ಒದ್ದೆ ಬಟ್ಟೆ ನೇತುಹಾಕಿದ ಹಾಗೆ ಕೋಲಿನ ತುದಿ ಮೆಲ್ಲಗೆ ಬಾಗುತ್ತದೆ. ಆಗ ಜಗ್ಗಬೇಡ. ಕೋಲನ್ನು ಸ್ವಲ್ಪ ಹಿಂದಕ್ಕೆ ಬಿಟ್ಟುಕೊಡು, ಆಮೇಲೆ ಒಂದೇ ಸಮ ಮುಂದಕ್ಕೆ ಎಳೆ. ಬರೀ ಬಾಲ ಕಚ್ಚಿಕೊಂಡು ಹೋಗುತ್ತಿದ್ದರೆ ಹುಳದ ಬಾಲ ಚಿವುಟಿ ಗಿಡ್ಡ ಮಾಡು. ಮೀನು ಎತ್ತುವಾಗ ಹುಷಾರು. ಬೆನ್ನಿನ ಮುಳ್ಳು, ಹಲ್ಲು, ಕಿವಿರಿನ ಅಂಚು ಮೂರೂ ಚೂಪು.

ಲೈಸೆನ್ಸ್ ಇಲ್ಲದೆ ಗಾಳ ಮುಟ್ಟಬೇಡ. 60 ದಿನ ಇಲ್ಲಿ ವಾಸವಾಗಿದ್ದರೆ ರಾಜ್ಯದವರ ದರ ಸಿಗುತ್ತದೆ, ನಿನಗೆ ಆಗಲೇ ಆಗಿದೆ. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ. ಮಿಲ್ ಲ್ಯಾಕ್ಸ್‌ಗೆ ಅದರದೇ ಕಟ್ಟಳೆ ಇದೆ, ಎಷ್ಟು ಮೀನು, ಎಷ್ಟು ಇಂಚು ಅನ್ನುವುದು ಬದಲಾಗುತ್ತಿರುತ್ತದೆ. ಹಿಂದಿನ ದಿನ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ನಿಯಮ ಓದಿಕೋ. ದೋಣಿ ನಿಲ್ಲಿಸುವ ಕಡೆ ಇಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನರ ಮೀನುಗಾರಿಕೆಯ ಬಗ್ಗೆ ಕಟುವಾದ ಮಾತು ಕಿವಿಗೆ ಬೀಳಬಹುದು. ಅವರ ಹಕ್ಕು ಅಮೆರಿಕ ಸರ್ಕಾರದ ಜೊತೆಗಿನ 1837ರ ಒಪ್ಪಂದದ್ದು, 1999ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ನಾವೆಲ್ಲ ಬರುವ ಎಷ್ಟೋ ಮೊದಲು ಅವರು ಈ ಮೀನಿಗೆ ‘ಒಗಾ’ ಅಂತ ಹೆಸರಿಟ್ಟವರು. ಆ ಮಾತಿಗೆ ತಲೆಯಾಡಿಸಬೇಡ.

ಲೈಫ್ ಜಾಕೆಟ್ ಹಾಕಿಕೋ. ನೀನು ಕಡಲು ಕಂಡವನು, ಆದರೂ ಹಾಕಿಕೋ. ಆಚೆ ದಡ ಕಾಣದಷ್ಟು ಅಗಲದ ನೀರು, ಆಳ ಮಾತ್ರ ಕಡಿಮೆ. ಗಾಳಿ ಎದ್ದರೆ ಗಿಡ್ಡ, ಕಡಿದಾದ ತೆರೆ ಬೇಗ ಏಳುತ್ತದೆ. ಎರೆ, ಪೆಟ್ರೋಲ್ ಖರ್ಚಿನಲ್ಲಿ ಪಾಲು ಕೊಡುತ್ತೇನೆ ಅಂತ ನೀನೇ ಮೊದಲು ಹೇಳು. ತಿನ್ನಲು ಚಪಾತಿ ರೋಲ್ ಮಾಡಿಕೊಂಡು ಹೋಗು. ಬಾಳೆಹಣ್ಣು ಬೇಡ. ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗುವುದಿಲ್ಲ ಅಂತ ಇಲ್ಲಿಯ ಎಷ್ಟೋ ಜನ ನಂಬುತ್ತಾರೆ. ಅವರ ದೋಣಿ, ಅವರ ನಂಬಿಕೆ.

ಮನೆಗೆ ಒಯ್ಯುವ ಮೀನು ಸಿಕ್ಕರೆ ನಿನಗೆ ಊರಿನ ಕಾಣೆ ಮೀನು ನೆನಪಾಗುತ್ತದೆ. ಅದೇ ಬಿಳಿ ಮಾಂಸ, ಘಾಟಿಲ್ಲ. ರವೆ ಹಚ್ಚಿ ಕಾವಲಿಯಲ್ಲಿ ಹುರಿ. ದೊಡ್ಡ ವಾಲೈಯಲ್ಲಿ ಪಾದರಸ ಜಾಸ್ತಿ ಇರುತ್ತದೆ, ತಿನ್ನುವುದಕ್ಕೆ ಸಣ್ಣದೇ ಒಳ್ಳೆಯದು.

ಚಳಿಗಾಲದಲ್ಲಿ ನಾವು ರಿಗ್ಗನ್ನು ಮನೆಯಲ್ಲೇ ಕಟ್ಟುತ್ತೇವೆ. ಕೊಕ್ಕೆಯ ಕಾಂಡಕ್ಕೆ ದಾರ ಸುತ್ತಿ ಬಿಗಿಯುವ ಗಂಟು ನನಗೆ ಬರಲು ಒಂದು ವಾರ ಬೇಕಾಯಿತು. ಮಲ್ಲಿಗೆ ಕಟ್ಟಿ ಅಭ್ಯಾಸವಿದ್ದ ನಿನ್ನ ಅತ್ತಿಗೆಗೆ ಎರಡನೇ ಸಲಕ್ಕೇ ಬಂತು. ಮಗಳು ಮಣಿ ಪೋಣಿಸುತ್ತಾಳೆ. ಹೊರಗೆ ಹಿಮ ಬೀಳುತ್ತಿರುತ್ತದೆ, ಮೇಜಿನ ಮೇಲೆ ಕಿತ್ತಳೆ ಹಸಿರು ಮಣಿ ಹರಡಿರುತ್ತದೆ. ಇಲ್ಲಿ ಮನೆ ಅಂತ ನನಗೆ ಅನ್ನಿಸಿದ್ದು ಅಂಥ ಒಂದು ಜನವರಿ ಸಂಜೆ.

ಹೊರಡುವ ಹಿಂದಿನ ಶನಿವಾರ ನಮ್ಮ ಮನೆಗೆ ಬಾ. ಅಂಗಡಿಯಲ್ಲಿ ಎರಡೇ ಕೊಳ್ಳು, ಇನ್ನೆರಡು ಇಲ್ಲೇ ಕಟ್ಟೋಣ. ಕುಚ್ಚಲಕ್ಕಿ ಸಿಕ್ಕಿದೆ, ಗಂಜಿ ಇರುತ್ತದೆ.